ಸೌವಾರ್ತಿಕನ ಧರ್ಮ

ವಾರ್ತೆಯನ್ನು ತಂದವನ ಅಧಿಕಾರವು ಎಲ್ಲಿಯವರೆಗೆ ಸಲ್ಲುವುದು? ಕೇಳಿದವನ ಸ್ವಾತಂತ್ರ್ಯವು ಎಲ್ಲಿಂದ ಮೊದಲಾಗುವುದು? ಕ್ರೈಸ್ತ ಮತದ ಚರಿತ್ರೆಯಲ್ಲಿ ಈ ಪ್ರಶ್ನೆಯು ಸೌವಾರ್ತಿಕನೆಂಬವನನ್ನು ಎಂದಿಗೂ ಬಿಟ್ಟು ಹೋಗಿಲ್ಲ.

ಗ್ರೀಕ್ ಭಾಷೆಯ 'ಯುಆಂಗೆಲಿಯೋನ್' ಎಂಬ ಶಬ್ದಕ್ಕೆ ಶುಭಸಮಾಚಾರವೆಂದು ಅರ್ಥ. ಇದು ಕ್ರೈಸ್ತರು ಹೊಸದಾಗಿ ಕಲ್ಪಿಸಿಕೊಂಡ ಮಾತಲ್ಲ. ಏಷ್ಯಾ ಮೈನರಿನ ಪ್ರಿಯೇನೆ ಪಟ್ಟಣದಲ್ಲಿ ದೊರೆತ ಕ್ರಿ. ಪೂ. 9ರ ಶಾಸನದಲ್ಲಿ ಚಕ್ರವರ್ತಿ ಆಗಸ್ಟಸನ ಜನ್ಮದಿನವನ್ನು ಕುರಿತು ಇದೇ ಶಬ್ದವು ಬಂದಿದೆ. ಅರಮನೆಯ ಡಂಗುರಕ್ಕೆ ಸಲ್ಲುತ್ತಿದ್ದ ಮಾತನ್ನು ಶಿಲುಬೆಯ ಮೇಲೆ ಸತ್ತವನೊಬ್ಬನ ವಿಷಯದಲ್ಲಿ ಬಳಸಿದುದು ಸಾಮಾನ್ಯವಾದ ಧೈರ್ಯವಲ್ಲ. ಆದರೆ ಡಂಗುರದ ಹಿಂದೆ ದಂಡವಿರುವುದು. ಒಲ್ಲೆನೆನ್ನುವ ಹಕ್ಕು ಪ್ರಜೆಗಿಲ್ಲ. ಹೊಸ ವಾರ್ತೆಯ ಹಿಂದೆಯೂ ದಂಡವಿರಬೇಕೋ ಬೇಡವೋ ಎಂಬುದೇ ಮುಂದಿನ ಶತಮಾನಗಳ ವಿವಾದವಾಯಿತು.

ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರು ಗ್ರಂಥಕರ್ತರಿಗೆ ಸೌವಾರ್ತಿಕರೆಂಬ ಹೆಸರು ಬಂದುದು ತರುವಾಯ. ಹೊಸ ಒಡಂಬಡಿಕೆಯಲ್ಲಿ ಈ ಶಬ್ದವು ಮೂರೇ ಸಲ ಬರುವುದು. ಹೆಸರು ಹಿಡಿದು ಹೀಗೆ ಕರೆಯಲ್ಪಟ್ಟವನು ಫಿಲಿಪ್ಪನೊಬ್ಬನೇ. ಯೆರೂಸಲೇಮಿನಲ್ಲಿ ವಿಧವೆಯರಿಗೆ ದಿನದಿನದ ಆಹಾರವನ್ನು ಹಂಚುವುದಕ್ಕಾಗಿ ನೇಮಿಸಲ್ಪಟ್ಟ ಏಳು ಮಂದಿಯಲ್ಲಿ ಅವನೊಬ್ಬನು.

ಅವನ ಕಥೆಯನ್ನು ಅಪೊಸ್ತಲರ ಕೃತ್ಯಗಳಲ್ಲಿ ನಿಧಾನವಾಗಿ ಓದಬೇಕು. ಐಥಿಯೋಪ್ಯದ ರಾಣಿಯ ಭಂಡಾರಾಧಿಕಾರಿಯು ಗಾಜದ ದಾರಿಯಲ್ಲಿ ರಥದೊಳಗೆ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದನು. ಫಿಲಿಪ್ಪನು ಓಡಿಹೋಗಿ, ಓದುತ್ತಿರುವುದು ತಿಳಿಯುತ್ತದೆಯೇ ಎಂದು ಕೇಳಿದನು. ಮೊದಲು ಬಂದುದು ಉಪದೇಶವಲ್ಲ, ಪ್ರಶ್ನೆ. ಗ್ರಂಥವು ಕೇಳುವವನ ಕೈಯಲ್ಲಿ ಆಗಲೇ ಇದ್ದಿತು. ಅಧಿಕಾರಿಯು ಕರೆದ ಮೇಲೆಯೇ ಅವನು ರಥವನ್ನು ಹತ್ತಿದನು. ದಾರಿಯಲ್ಲಿ ನೀರು ಕಂಡಾಗ ದೀಕ್ಷಾಸ್ನಾನದ ಮಾತನ್ನೆತ್ತಿದವನೂ ಅಧಿಕಾರಿಯೇ. ಬಳಿಕ ಫಿಲಿಪ್ಪನು ಅವನ ಕಣ್ಣಿಗೆ ಬೀಳಲಿಲ್ಲ. ಅವನು ಸಂತೋಷದಿಂದ ತನ್ನ ದಾರಿಯನ್ನು ಹಿಡಿದನು. ಶಿಷ್ಯನನ್ನು ತನ್ನ ಬಳಿಯಲ್ಲಿಯೇ ಉಳಿಸಿಕೊಳ್ಳುವ ಆಸೆ ಇಲ್ಲಿ ಲೇಶವೂ ಇಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ಆತ್ಮದ ಅಳಿವು ಉಳಿವು ಈ ವಾರ್ತೆಯನ್ನೇ ಅವಲಂಬಿಸಿದೆಯೆಂದು ನಂಬಿದವನು ಕರೆಯುವವರೆಗೂ ರಥದ ಪಕ್ಕದಲ್ಲಿ ಕಾಯುವುದು ನಿರ್ದಯೆಯಲ್ಲವೆ? ರೋಗಿಯು ಬೇಡವೆಂದರೂ ತಾಯಿಯು ಮದ್ದು ಕುಡಿಸುವಳಲ್ಲವೆ? ಆಕ್ಷೇಪವು ಹಗುರವಾದುದಲ್ಲ. ಆದರೆ ಮದ್ದು ಹೊಟ್ಟೆಗೆ ಹೋದರೆ ಸಾಕು, ರೋಗಿಯ ಒಪ್ಪಿಗೆಯನ್ನು ಕೇಳದೆ ತನ್ನ ಕೆಲಸವನ್ನು ಮಾಡುವುದು, ನಂಬಿಕೆಯೆಂಬುದಾದರೋ ಒಪ್ಪಿಗೆಯೇ. ಒಪ್ಪಿಗೆಯನ್ನು ಕಳೆದ ಮೇಲೆ ಕುಡಿಸಲು ಉಳಿಯುವ ಮದ್ದು ಯಾವುದು?

ಸುಮಾರು 785ರಲ್ಲಿ ಷಾರ್ಲ್‌ಮೇನ್ ದೊರೆಯು ತಾನು ಗೆದ್ದ ಸಾಕ್ಸನರಲ್ಲಿ ದೀಕ್ಷಾಸ್ನಾನವನ್ನು ನಿರಾಕರಿಸಿ ಅವಿತುಕೊಂಡವರಿಗೆ ಮರಣದಂಡನೆಯನ್ನು ವಿಧಿಸಿದನು. ಅವನ ಆಸ್ಥಾನದ ವಿದ್ವಾಂಸನಾದ ಆಲ್ಕ್ವಿನನು 796ರ ಸುಮಾರಿನ ತನ್ನ ಪತ್ರಗಳಲ್ಲಿ, ಮನುಷ್ಯನನ್ನು ನೀರಿಗೆ ಎಳೆಯಬಹುದು, ನಂಬಿಕೆಗೆ ಎಳೆಯಲಾಗದು ಎಂಬ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದನು. ಹೊಸಬರ ಮೇಲೆ ದಶಮಾಂಶದ ಹೊರೆಯನ್ನು ಹೇರುವುದನ್ನೂ ಖಂಡಿಸಿದನು. ಮುಂದೆ ಸಾಕ್ಸನರು ಕ್ರೈಸ್ತರಾಗಿಯೇ ಉಳಿದರು, ಆದುದರಿಂದ ಕತ್ತಿಯು ಫಲಿಸಿತೆಂದು ವಾದಿಸುವವರಿರಬಹುದು. ಆದರೆ ಒಂಬತ್ತನೆಯ ಶತಮಾನದಲ್ಲಿ ಕ್ರಿಸ್ತನ ಚರಿತ್ರೆಯು 'ಹೇಲಿಯಾಂಡ್' ಎಂಬ ಕಾವ್ಯವಾಗಿ ಅವರದೇ ನುಡಿಯಲ್ಲಿ, ಅವರದೇ ಛಂದಸ್ಸಿನಲ್ಲಿ ಹುಟ್ಟಿತೆಂಬುದನ್ನು ಅವರು ಮರೆಯುತ್ತಾರೆ.

ಕನ್ನಡನಾಡಿನಲ್ಲಿಯೂ ಇದಕ್ಕೆ ಹೋಲುವ ಸಂಗತಿ ನಡೆದಿದೆ. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗನು ಹೇಳಲೆಂದು ಬಂದವನು, ಹೇಳಬೇಕಾದರೆ ಕೇಳಬೇಕಾಯಿತು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. ಪರಮತದವೆಂದು ಬಿಡದೆ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದನು. ಅವನ ಉದ್ದೇಶವು ಮತಪ್ರಚಾರವೇ. ಅದನ್ನು ಮರೆಮಾಚುವುದು ಅವನಿಗೂ ಅನ್ಯಾಯ. ಆದರೂ ನೆರೆಯವನ ಕೈಯಲ್ಲಿರುವ ಗ್ರಂಥವು ಯಾವುದೆಂದು ಮೊದಲು ವಿಚಾರಿಸಿದ ಫಿಲಿಪ್ಪನ ನಡತೆಯು ಈ ಕೆಲಸದಲ್ಲಿ ಅಷ್ಟಿಷ್ಟು ಕಾಣುವುದು.

ಫಿಲಿಪ್ಪನ ಹೆಸರು ಕೊನೆಯ ಸಲ ಬರುವುದು ಕೈಸರೈಯ ಪಟ್ಟಣದಲ್ಲಿ. ಆಗ ಅವನು ಮನೆಮಾಡಿಕೊಂಡಿದ್ದನು, ನಾಲ್ವರು ಹೆಣ್ಣುಮಕ್ಕಳಿದ್ದರು. ಹಿಂದೆ ಸೌಲನೆಂಬ ಹೆಸರಿನಿಂದ ಯೆರೂಸಲೇಮಿನ ಸಭೆಯನ್ನು ಹಿಂಸಿಸಿ, ಫಿಲಿಪ್ಪನಂಥವರು ದಿಕ್ಕಾಪಾಲಾಗುವಂತೆ ಮಾಡಿದ್ದ ಪೌಲನು ಪ್ರಯಾಣದ ಆಯಾಸದಿಂದ ಆ ಮನೆಗೆ ಬಂದನು. ಅನೇಕ ದಿನ ಅಲ್ಲಿಯೇ ತಂಗಿದನು. ಅವರಿಬ್ಬರು ಏನು ಮಾತನಾಡಿಕೊಂಡರೆಂಬುದನ್ನು ಲೂಕನು ಬರೆದಿಲ್ಲ.