ತರಗತಿಯಲ್ಲಿ ವ್ರತದ ಮಾತು

ಅಷ್ಟಮಿ ಚತುರ್ದಶಿಗಳಲ್ಲಿ ಹಿರಿಯರೊಡನೆ ಏಕಾಶನ ಹಿಡಿದ ಬಾಲಕನು ತನ್ನ ವ್ರತವನ್ನು ಮನೆಯಲ್ಲಿರಿಸಿ ಶಾಲೆಗೆ ಹೋಗುವುದಿಲ್ಲ. ಆತನ ಹಸಿವೂ ಸಂಕಲ್ಪವೂ ಆತನೊಡನೆಯೇ ತರಗತಿಯಲ್ಲಿ ಕುಳಿತಿರುತ್ತವೆ. ಅಲ್ಲಿಯ ಪಾಠದಲ್ಲಾದರೋ ಜೈನಧರ್ಮವೆಂದರೆ ಇಪ್ಪತ್ತನಾಲ್ವರು ತೀರ್ಥಂಕರರು, ಎರಡು ಪಂಥಗಳು, ಐದು ವ್ರತಗಳ ಹೆಸರುಗಳು. ಆ ವ್ರತಗಳು ನಂಬಿದವನ ದಿನಚರಿಯಲ್ಲಿ ಏನು ಮಾಡುತ್ತವೆಂಬ ಮಾತು ಬರುವುದೇ ವಿರಳ. (ಹೆಸರುಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸುವ ಮಕ್ಕಳು ನೀರನ್ನು ಸೋಸಿ ಕುಡಿಯುವುದೇಕೆಂದು ಅರಿಯದಿರುವುದು ಶ್ರಾವಕರ ಮನೆಗಳಲ್ಲಿಯೂ ಉಂಟು.)

ಸಂವಿಧಾನದ 28ನೆಯ ವಿಧಿಯು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧರ್ಮಬೋಧೆಯನ್ನು ನಿಷೇಧಿಸಿದೆ. ಆದರೆ ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳನ್ನು ಕುರಿತು ಅಭ್ಯಸಿಸುವುದು ಬೇರೆ ಎಂಬ ಭೇದವನ್ನು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಅಂಗೀಕರಿಸಿತು. ಆದಕಾರಣ ಅಧ್ಯಾಪಕನು ಮೌನವ್ರತ ತಾಳಬೇಕಾಗಿಲ್ಲ. ಗಣಿತದ ಪಾಠದಲ್ಲಿ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹವನ್ನು ಜಿನನಮಸ್ಕಾರದಿಂದ ಆರಂಭಿಸಿದುದನ್ನು ಹೇಳಬಹುದು. ಪಂಪನ ಆದಿಪುರಾಣದಲ್ಲಿ ನೀಲಾಂಜನೆಯ ನೃತ್ಯ ನೋಡುತ್ತಿದ್ದ ಅರಸನಿಗೆ ವೈರಾಗ್ಯವೇಕೆ ಹುಟ್ಟಿತೆಂಬುದನ್ನಂತೂ ಅನಿತ್ಯಭಾವನೆಯ ಮಾತೆತ್ತದೆ ವಿವರಿಸಲು ಬಾರದು.

ಕಠಿನವಾದುದು ಇತಿಹಾಸದ ಪಾಠ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆ ಬಳಿಕ ಆಕೆಯ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು, ಸಮಾಧಿಮರಣ ಪಡೆದುದನ್ನು ಚಂದ್ರಗಿರಿಯ ಶಾಸನವು ತಿಳಿಸುತ್ತದೆ. ಇದನ್ನು ಓದಿದ ವಿದ್ಯಾರ್ಥಿಯೊಬ್ಬನು ಕೇಳದಿರುವನೆ: ಮಗಳನ್ನು ಕಳೆದುಕೊಂಡ ದುಃಖದಲ್ಲಿ ತಾಯಿ ಪ್ರಾಣ ಬಿಟ್ಟಳು, ಇದು ಆತ್ಮಹತ್ಯೆಯಲ್ಲವೆ? 2015ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಹಾಗೆಯೇ ಎಣಿಸಿತ್ತು. ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆಯಾಜ್ಞೆ ನೀಡಿತು.

ಅಜ್ಜಿಯ ಸಲ್ಲೇಖನವನ್ನು ಕಣ್ಣಾರೆ ಕಂಡ ಮಗುವೂ ಅದೇ ತರಗತಿಯಲ್ಲಿರಬಹುದು. ಆ ಶಬ್ದವು ಅದರ ಎದೆಗೆ ತಾಕದೆ ಇರದು. ಇಂಥ ಪಾಠವೇ ಬೇಡವೆಂದು ತಂದೆತಾಯಿಗಳು ಹೇಳಿದರೆ ಅವರ ಸಂಕಟ ಅರ್ಥವಾಗುವಂಥದು. ಆದರೂ ಪ್ರಶ್ನೆಯನ್ನು ಅಡಗಿಸಿದರೆ ಆ ಶಬ್ದಕ್ಕೆ ಉತ್ತರವೇ ಇಲ್ಲವೆಂದು ಮಗು ಭಾವಿಸೀತು. ಉತ್ತರ ಇದೆ. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಮಾತ್ರ ಸಮಂತಭದ್ರಾಚಾರ್ಯರು ಸಲ್ಲೇಖನವನ್ನು ವಿಧಿಸಿದರು. ತತ್ತ್ವಾರ್ಥಸೂತ್ರವು ಸಾಯಬೇಕೆಂಬ ಬಯಕೆಯನ್ನೇ ಆ ವ್ರತದ ಅತಿಚಾರಗಳಲ್ಲಿ ಎಣಿಸಿದೆ. ಪ್ರಿಯರ ಮೇಲಿನ ಅನುರಾಗವನ್ನೂ ಅವುಗಳಲ್ಲಿ ಸೇರಿಸಿದೆ. ಎಂದಮೇಲೆ ಮಾಚಿಕಬ್ಬೆಯನ್ನು ಕುರಿತು ವಿದ್ಯಾರ್ಥಿ ಕೇಳಿದುದು ಹೊರಗಿನವರ ಆಕ್ಷೇಪವಲ್ಲ, ಶಾಸ್ತ್ರವೇ ವ್ರತಿಯನ್ನು ಕೇಳುವ ಪ್ರಶ್ನೆ. ಆಕೆಯ ಅಂತರಂಗದಲ್ಲಿ ಶೋಕವಿತ್ತೋ ಸಮತೆಯಿತ್ತೋ, ಕಲ್ಲಿನ ಮೇಲಿನ ಬರಹದಿಂದ ನಿರ್ಣಯಿಸಲಾಗದು.

ಅಧ್ಯಾಪಕನು ಇಷ್ಟನ್ನು ತಿಳಿಸಿದರೆ ಸಾಕು. ವ್ರತ ಸರಿಯೆಂದು ಸಾಧಿಸುವ ಹೊಣೆ ಆತನದಲ್ಲ. ಆದರೆ ತರಗತಿಯಲ್ಲಿರುವ ಒಬ್ಬ ಜೈನ ಬಾಲಕನನ್ನು ಎಬ್ಬಿಸಿ ನಿಲ್ಲಿಸಿ, ನಿಮ್ಮವರು ಹೀಗೇಕೆ ಮಾಡುತ್ತಾರೆ ಹೇಳು ಎನ್ನುವುದು ತಪ್ಪು. ಹನ್ನೆರಡು ವರ್ಷದ ಮಗು ಧರ್ಮದ ವಕೀಲನಲ್ಲ. ಆ ಮಗುವಿಗೆ ಉತ್ತರ ದೊರೆಯಬೇಕಾದುದು ಮೊದಲು ಮನೆಯಲ್ಲಿ. ಆಪ್ತನನ್ನೇ ಪರೀಕ್ಷೆಗೊಡ್ಡಿ ಆಪ್ತಮೀಮಾಂಸೆ ಬರೆದ ಆಚಾರ್ಯರ ಪರಂಪರೆಯವರು, ಪ್ರಶ್ನೆಯನ್ನು ಹೊತ್ತು ಸಂಜೆ ಮನೆಗೆ ಬಂದ ಮಗುವಿಗೆ ‘ಅದು ನಮ್ಮ ಪದ್ಧತಿ, ಸುಮ್ಮನೆ ಊಟ ಮಾಡು, ಹೊತ್ತು ಮುಳುಗುತ್ತದೆ’ ಎಂದಷ್ಟೇ ಹೇಳಿ ಕಳುಹಿಸುವುದುಂಟು.