ಚರಿತ್ರೆಯ ತಿರುವು: ಅರಿವೋ, ಆಚಾರವೋ?

ಮಾನವಕುಲದ ಚರಿತ್ರೆಯಲ್ಲಿ ಅತಿಮುಖ್ಯವಾದ ತಿರುವುಗಳಾವುವು ಎಂಬ ಪ್ರಶ್ನೆಗೆ ವಿದ್ವಾಂಸರು ಕೊಡುವ ಉತ್ತರಗಳು ಹಲವು. 10,000 ವರ್ಷಗಳಿಗೂ ಹಿಂದೆ ಪಶ್ಚಿಮ ಏಷ್ಯದಲ್ಲಿ ಅಲೆಮಾರಿಯಾಗಿದ್ದ ಮನುಷ್ಯನು ಬಿತ್ತಿ ಬೆಳೆಯಲು ಕಲಿತುದೇ ಮೊದಲನೆಯ ತಿರುವೆಂದು ಕೆಲವರು ಹೇಳುವರು. 5,000 ವರ್ಷಗಳಿಗೂ ಹಿಂದೆ ಸುಮೇರ್ ದೇಶದವರು ಹಸಿಮಣ್ಣಿನ ಹಲಗೆಯ ಮೇಲೆ ಬರೆಯತೊಡಗಿದುದನ್ನು ಬೇರೆ ಕೆಲವರು ಎತ್ತಿಹೇಳುವರು. 15ನೆಯ ಶತಮಾನದಲ್ಲಿ ಜರ್ಮನಿಯ ಗುಟೆನ್‌ಬರ್ಗನು ಅಚ್ಚಿನ ಮೊಳೆಗಳಿಂದ ಗ್ರಂಥವನ್ನು ಮುದ್ರಿಸಿದುದು, 1945ರಲ್ಲಿ ಅಣುಬಾಂಬು ಎರಡು ನಗರಗಳನ್ನು ಸುಟ್ಟುದು ಇವೂ ಆ ಪಟ್ಟಿಯಲ್ಲಿ ಸೇರುವುವು. ಇವೆಲ್ಲವೂ ದೊಡ್ಡ ಘಟನೆಗಳೆಂಬುದು ನಿರ್ವಿವಾದ. ಆದರೆ ಇವುಗಳಿಂದ ಬೆಳೆದುದು ಮನುಷ್ಯನ ಶಕ್ತಿ. ಬೇಸಾಯದಿಂದ ಕಣಜ ತುಂಬಿತು. ಆ ಕಣಜವನ್ನು ತುಂಬಲು ಒಬ್ಬನು ಮತ್ತೊಬ್ಬನನ್ನು ದುಡಿಸುವ ಕ್ರಮವೂ ಬೆಳೆಯಿತು. ಸುಮೇರಿನ ಅತ್ಯಂತ ಹಳೆಯ ಬರಹಗಳಲ್ಲಿ ಬಹುಪಾಲು ಲೆಕ್ಕಪತ್ರಗಳೇ. ಧಾನ್ಯದ ಲೆಕ್ಕದೊಡನೆ ಆಳುಗಳ ಲೆಕ್ಕವೂ ಅಲ್ಲಿದೆ. ಹೀಗಿರಲು, ಶಕ್ತಿಯು ಬೆಳೆದ ಗಳಿಗೆಯನ್ನೇ ತಿರುವೆನ್ನಬೇಕೋ, ಮನುಷ್ಯನೇ ತಿರುಗಿದ ಗಳಿಗೆಯನ್ನು ತಿರುವೆನ್ನಬೇಕೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇದನ್ನು ನಿರ್ಣಯಿಸಲು ಒಂದೇ ದೃಷ್ಟಾಂತವನ್ನು ತೆಗೆದುಕೊಳ್ಳೋಣ. 16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಯೂರೋಪಿನ ವರ್ತಕರೂ ಅಮೆರಿಕದ ವರ್ತಕರೂ ಆಫ್ರಿಕದ ಜನರನ್ನು ಹಡಗುಗಳಲ್ಲಿ ತುಂಬಿ ಅಟ್ಲಾಂಟಿಕ್ ಸಾಗರದಾಚೆಗೆ ಸಾಗಿಸಿ ಮಾರಿದರು. ಇತಿಹಾಸಕಾರರು ಹಡಗುಗಳ ದಾಖಲೆಗಳನ್ನು ಕೂಡಿಸಿ ಮಾಡಿರುವ ಅಂದಾಜಿನಂತೆ, ಹಡಗು ಹತ್ತಿಸಲ್ಪಟ್ಟವರು ಸುಮಾರು 1 ಕೋಟಿ 25 ಲಕ್ಷ ಮಂದಿ. ಅವರಲ್ಲಿ ಸುಮಾರು 18 ಲಕ್ಷ ಮಂದಿ ದಡ ಕಾಣದೆ ನಡುಗಡಲಲ್ಲಿಯೇ ಸತ್ತರು. ಉಳಿದವರಲ್ಲಿ ಬಹುಮಂದಿ ಸೇರಿದುದು ಕಬ್ಬಿನ ತೋಟಗಳನ್ನು. ಯೂರೋಪಿನ ಮನೆಮನೆಯ ಚಹದ ಬಟ್ಟಲಿಗೆ ಬೀಳುತ್ತಿದ್ದ ಸಕ್ಕರೆಯು ಆ ತೋಟಗಳದು.

ಇದು ಪಾಪವೆಂದು ಅಂದಿನವರಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಯುದ್ಧವನ್ನೂ ಆಣೆಯನ್ನೂ ಒಲ್ಲದ ಕ್ವೇಕರ್ ಎಂಬ ಕ್ರೈಸ್ತಪಂಥದವರು ಬಹು ಹಿಂದಿನಿಂದಲೇ ಇದನ್ನು ಖಂಡಿಸುತ್ತ ಬಂದಿದ್ದರು. ತತ್ತ್ವಜ್ಞರು ಗ್ರಂಥಗಳಲ್ಲಿ ಬರೆದಿದ್ದರು. ಆದರೂ 1781ರಲ್ಲಿ ಜಾಂಗ್ ಎಂಬ ಹಡಗಿನವರು 130ಕ್ಕೂ ಹೆಚ್ಚು ಜೀವಂತ ಬಂದಿಗಳನ್ನು ಕಡಲಿಗೆಸೆದರು. ಹಡಗಿನ ಒಡೆಯರು ಅವರನ್ನು ನಷ್ಟವಾದ ಸರಕೆಂದು ಕರೆದು ವಿಮೆಯ ಹಣ ಕೇಳಿದರು. 1783ರಲ್ಲಿ ಲಂಡನ್ನಿನ ನ್ಯಾಯಾಲಯದ ಮುಂದೆ ಬಂದುದು ಕೊಲೆಯ ಮೊಕದ್ದಮೆಯಲ್ಲ, ಈ ವಿಮೆಯ ವ್ಯಾಜ್ಯ. ಅರಿವು ಗ್ರಂಥದಲ್ಲಿತ್ತು, ಆಚಾರವು ಸಂತೆಯಲ್ಲಿತ್ತು. ಇವೆರಡಕ್ಕೂ ಪರಸ್ಪರ ಪರಿಚಯವೇ ಇರಲಿಲ್ಲ.

ಈ ಎರಡರ ನಡುವಿನ ಗೋಡೆಯು ಒಬ್ಬ ತರುಣನಲ್ಲಿ ಒಡೆದ ಬಗೆಯನ್ನು ವಾಚಕರು ಗಮನಿಸಬೇಕು. 1785ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಪ್ರಬಂಧದ ಸ್ಪರ್ಧೆಯೊಂದು ನಡೆಯಿತು. ಮನುಷ್ಯರನ್ನು ಅವರ ಇಚ್ಛೆಗೆ ವಿರುದ್ಧವಾಗಿ ದಾಸ್ಯಕ್ಕೆ ತಳ್ಳುವುದು ಯುಕ್ತವೇ ಎಂಬುದು ಅದರ ವಿಷಯ. ಥಾಮಸ್ ಕ್ಲಾರ್ಕ್‌ಸನ್ ಎಂಬಾತನು ಅದಕ್ಕಾಗಿ ಗ್ರಂಥಗಳನ್ನು ಶೋಧಿಸಿ ಬರೆದು ಬಹುಮಾನ ಪಡೆದನು. ನಮ್ಮ ಪಾಠಶಾಲೆಗಳ ವಾಕ್ಯಾರ್ಥಸಭೆಯಲ್ಲಿ ಗೆದ್ದು ಶಾಲು ಹೊದ್ದು ಮನೆಗೆ ಹೋಗುವ ವಿದ್ಯಾರ್ಥಿಯಂತೆ ಆತನೂ ಹೋಗಬಹುದಾಗಿತ್ತು. ಆದರೆ ಕುದುರೆಯೇರಿ ಲಂಡನ್ನಿಗೆ ಹೊರಟವನಿಗೆ ದಾರಿಯುದ್ದಕ್ಕೂ ತಾನು ಬರೆದುದೇ ಎದುರು ನಿಂತಿತು. ವೇಡ್ಸ್‌ಮಿಲ್ ಎಂಬ ಊರಿನ ಬಳಿ ಕುದುರೆಯಿಂದಿಳಿದು ದಾರಿಯ ಬದಿಯಲ್ಲಿ ಕುಳಿತನು. ತಾನು ಬರೆದುದು ನಿಜವಾಗಿದ್ದರೆ ಯಾರಾದರೊಬ್ಬರು ಈ ಸಂಕಟವನ್ನು ಕೊನೆಗಾಣಿಸಲೇಬೇಕಲ್ಲವೇ ಎಂಬ ಯೋಚನೆಯು ಅಲ್ಲಿ ಹುಟ್ಟಿತೆಂದು ಆತನೇ ಮುಂದೆ ಬರೆದಿದ್ದಾನೆ. ಲ್ಯಾಟಿನ್ನಿನಲ್ಲಿ ಬರೆದ ವಾಕ್ಯವು ಬರೆದವನನ್ನೇ ಹಿಡಿದು ಪ್ರಶ್ನಿಸಿತು. ಶಾಸ್ತ್ರವನ್ನು ಓದಿಸುವ ನಮ್ಮಂಥವರಿಗೆ ಇದಕ್ಕಿಂತ ಎಚ್ಚರಿಕೆಯ ಮಾತು ಬೇಕಿಲ್ಲ.

1787ರ ಮೇ 22ರಂದು ಲಂಡನ್ನಿನ ಒಂದು ಮುದ್ರಣಾಲಯದಲ್ಲಿ ಹನ್ನೆರಡು ಮಂದಿ ಸೇರಿ ಈ ವ್ಯಾಪಾರವನ್ನು ನಿಲ್ಲಿಸಲು ಒಂದು ಸಮಿತಿಯನ್ನು ರಚಿಸಿದರು. ಅವರಲ್ಲಿ ಒಂಬತ್ತು ಮಂದಿ ಕ್ವೇಕರರು. ಕ್ಲಾರ್ಕ್‌ಸನ್ನನು ಬಂದರಿನಿಂದ ಬಂದರಿಗೆ ಅಲೆದು ನಾವಿಕರ ಸಾಕ್ಷ್ಯವನ್ನು ಸಂಗ್ರಹಿಸಿದನು. ಅಂಗಡಿಯಲ್ಲಿ ಮಾರುತ್ತಿದ್ದ ಕೈಕೋಳಗಳನ್ನು ಕೊಂಡುತಂದು ಜನರಿಗೆ ತೋರಿಸಿದನು. 1791ರ ಏಪ್ರಿಲಿನಲ್ಲಿ ವಿಲ್ಬರ್‌ಫೋರ್ಸನ ಮಸೂದೆಯು ಪಾರ್ಲಿಮೆಂಟಿನಲ್ಲಿ 88ಕ್ಕೆ ವಿರುದ್ಧವಾಗಿ 163 ಮತಗಳಿಂದ ಬಿದ್ದುಹೋಯಿತು. ಆಗ ನಡೆದುದು ಗೃಹಸ್ಥರೆಲ್ಲರೂ ನೆನೆಯಬೇಕಾದ ಸಂಗತಿ. ಅದೆಂತೆಂದರೆ, ಮತದಾನದ ಹಕ್ಕಿಲ್ಲದ ಸಾಮಾನ್ಯರು, ಅವರಲ್ಲಿಯೂ ಹೆಂಗಸರು, ತಮ್ಮ ಅಡುಗೆಮನೆಯಿಂದ ಆ ಸಕ್ಕರೆಯನ್ನು ಹೊರಹಾಕತೊಡಗಿದರು. ಹೀಗೆ ಬಿಟ್ಟವರು 3 ಲಕ್ಷ ಮಂದಿಯೆಂದು ಕ್ಲಾರ್ಕ್‌ಸನ್ನನು ಎಣಿಸಿದನು. 1792ರಲ್ಲಿ ಪಾರ್ಲಿಮೆಂಟಿಗೆ 519 ಮನವಿಗಳು ಬಂದುವು. ನಾನು ತಿರುವೆಂದು ಕರೆಯುವುದು ಇದನ್ನೇ. ತನ್ನ ಬಟ್ಟಲಿನ ಸವಿಯ ಹಿಂದೆ ಯಾರ ಬೆವರಿದೆ, ಯಾರ ರಕ್ತವಿದೆ ಎಂದು ಮನೆಯೊಡತಿಯು ಕೇಳಿದ ದಿನ, ನೂರಾರು ವರ್ಷ ಲೋಕಸಹಜವೆಂದು ನಡೆದುಬಂದುದು ಮಾನವಕೃತವಾದ ಅನ್ಯಾಯವಾಗಿ ಕಂಡಿತು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಸಕ್ಕರೆ ಬಿಟ್ಟ ಮಾತ್ರಕ್ಕೆ ದಾಸ್ಯವು ಅಳಿಯಿತೇ? ಟ್ರಿನಿಡಾಡಿನ ಎರಿಕ್ ವಿಲಿಯಮ್ಸರು 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆ ತೋಟಗಳ ಲಾಭವು ಕುಗ್ಗಿದುದೇ ಮುಖ್ಯಕಾರಣವೆಂದು ವಾದಿಸಿದರು. 1977ರಲ್ಲಿ ಸೆಮೂರ್ ಡ್ರೆಷರ್ ಎಂಬ ಇತಿಹಾಸಕಾರರು, ನಿಷೇಧ ಬಂದಾಗಲೂ ಆ ವ್ಯಾಪಾರವು ಲಾಭದಾಯಕವಾಗಿಯೇ ಇತ್ತೆಂದು ಅದಕ್ಕೆ ಉತ್ತರವಿತ್ತರು. ಇದಕ್ಕಿಂತ ಬಲವಾದ ಮಾತು ಇನ್ನೊಂದಿದೆ. ದಾಸ್ಯವನ್ನು ಮುರಿಯಲು ಮೊದಲು ಪ್ರಾಣವಿತ್ತವರು ದಾಸ್ಯದಲ್ಲಿದ್ದವರೇ. 1791ರ ಆಗಸ್ಟಿನಲ್ಲಿ ಫ್ರೆಂಚರ ಸಕ್ಕರೆಯ ವಸಾಹತಿನಲ್ಲಿ ಅವರು ದಂಗೆಯೆದ್ದರು. 1804ರ ಜನವರಿ 1ರಂದು ಅದು ಹೈಟಿ ಎಂಬ ಸ್ವತಂತ್ರ ರಾಷ್ಟ್ರವಾಯಿತು. 1831ರ ಕೊನೆಯಲ್ಲಿ ಜಮೈಕದಲ್ಲಿ ಎದ್ದವರ ನಾಯಕ ಸ್ಯಾಮ್ಯುಯೆಲ್ ಶಾರ್ಪನನ್ನು 1832ರಲ್ಲಿ ಗಲ್ಲಿಗೇರಿಸಿದರು. ಆದುದರಿಂದ ಸಕ್ಕರೆ ಬಿಟ್ಟವರೇ ಬಿಡುಗಡೆ ತಂದರೆಂದರೆ ಅದು ಅಸತ್ಯವಾದೀತು. ಸಂಕಲೆಯಲ್ಲಿದ್ದವನು ಅದನ್ನು ಜಗ್ಗಿದನು. ಸಂಕಲೆಯ ಇನ್ನೊಂದು ತುದಿಯು ತನ್ನ ಕೈಯಲ್ಲಿದೆಯೆಂದು ಅರಿತ ಗೃಹಸ್ಥನು ಕೈ ಸಡಿಲಿಸಿದನು. ಎರಡೂ ಕೂಡಿದಾಗ 1807ರಲ್ಲಿ ಬ್ರಿಟಿಷರ ಗುಲಾಮರ ವ್ಯಾಪಾರವು ನಿಷಿದ್ಧವಾಯಿತು. 1833ರ ಶಾಸನದಿಂದ ಅವರ ವಸಾಹತುಗಳಲ್ಲಿ ಸುಮಾರು 8 ಲಕ್ಷ ಮಂದಿಯ ಬಿಡುಗಡೆಗೆ ದಾರಿಯಾಯಿತು.

ಶಾಸನವು ಬಂದೊಡನೆ ತಿರುವು ಮುಗಿಯಿತೆಂದು ಭಾವಿಸುವುದೂ ಭ್ರಮೆಯೇ. 1833ರ ಶಾಸನವು 2 ಕೋಟಿ ಪೌಂಡು ಪರಿಹಾರವನ್ನು ಗೊತ್ತುಮಾಡಿತು. ಅದು ಹೋದುದು ಒಡೆಯರಿಗೆ. ದುಡಿದವರಿಗೆ ದೊರೆತುದು 1838ರವರೆಗೆ ಅದೇ ತೋಟಗಳಲ್ಲಿ ಕಡ್ಡಾಯದ ದುಡಿಮೆ. ಆ ಪರಿಹಾರಕ್ಕಾಗಿ ಮಾಡಿದ ಸಾಲದ ಕೊನೆಯ ಭಾಗವನ್ನು ಬ್ರಿಟಿಷ್ ಸರಕಾರವು ತೀರಿಸಿದುದು 2015ರಲ್ಲಿ.

ನಮ್ಮ ದೇಶದ ಕಥೆಯೂ ಇದರೊಡನೆ ಹೆಣೆದುಕೊಂಡಿದೆ. 1820ರ ದಶಕದಲ್ಲಿ ಇಂಡಿಯದ ಸಕ್ಕರೆಯನ್ನು, ಗುಲಾಮರು ಮಾಡದ ಸಕ್ಕರೆಯೆಂದು ಬರೆದ ಬಟ್ಟಲುಗಳಲ್ಲಿಟ್ಟು ಇಂಗ್ಲೆಂಡಿನವರು ಸಮಾಧಾನದಿಂದ ಬಳಸಿದರು. ಆದರೆ ದಾಸ್ಯವು ಇಲ್ಲಿಯೂ ಇತ್ತು. 1833ರ ಶಾಸನವು ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಹೊರಗಿಟ್ಟಿತು. ಇಲ್ಲಿಯ ನ್ಯಾಯಾಲಯಗಳು ಮನುಷ್ಯನ ಮೇಲಣ ಒಡೆತನವನ್ನು ಮನ್ನಿಸಬಾರದೆಂಬ ಕಾಯಿದೆ ಬಂದುದು 1843ರಲ್ಲಿ. ಅತ್ತ ಬಿಡುಗಡೆಯಾದವರ ಜಾಗಕ್ಕೆ 1834ರಿಂದ ನಮ್ಮ ಜನರನ್ನೇ ಕರಾರಿನ ಕೂಲಿಗಳಾಗಿ ಮಾರಿಷಸ್ಸಿಗೂ, ಮುಂದೆ ಗಯಾನ, ಟ್ರಿನಿಡಾಡ್, ಫಿಜಿಗಳಿಗೂ ಹಡಗು ಹತ್ತಿಸಿದರು. 10 ಲಕ್ಷಕ್ಕೂ ಮಿಕ್ಕ ಜನ ಹೀಗೆ ಹೋದರು. ಆ ಸಾಗಣೆಯು ನಿಂತುದು 1917ರಲ್ಲಿ. ಸಾಲಕ್ಕೆ ಮನುಷ್ಯನನ್ನು ಒತ್ತೆಯಿಡುವ ಜೀತಪದ್ಧತಿಯನ್ನು ರದ್ದುಮಾಡಿದ ಶಾಸನಕ್ಕೆ 1976ರವರೆಗೆ ಕಾಯಬೇಕಾಯಿತು. ಅದಾದಮೇಲೂ ಇಟ್ಟಿಗೆಗೂಡುಗಳಿಂದ, ಕಲ್ಲಿನ ಗಣಿಗಳಿಂದ ಜೀತದವರನ್ನು ಬಿಡಿಸಿದ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಆಚಾರವು ನಿದ್ರಿಸಿದೊಡನೆ ಹಳೆಯ ಅನ್ಯಾಯವು ಹೊಸ ಹೆಸರಿನಿಂದ ಮನೆಯೊಳಗೆ ಬರುವುದು.

ತಾನಾಗಿ ಸಲ್ಲಿಸುವ ಸೇವೆಯು ದಾಸೋಹ. ಬಲದಿಂದ ಕಸಿದ ಸೇವೆಯು ದಾಸ್ಯ. ದುಡಿಮೆಯನ್ನು ಕಾಯಕವೆಂದು ಗೌರವಿಸಲು ಕಲಿಸಿದ ನೆಲದಲ್ಲಿ ಹುಟ್ಟಿದವರಿಗೆ ಈ ಭೇದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹೇಳಬಲ್ಲವರೆಲ್ಲರೂ ನಡೆದವರಲ್ಲ. ಮಕ್ಕಳು ಪರೀಕ್ಷೆಗಾಗಿ 1807, 1833 ಎಂಬ ಇಸವಿಗಳನ್ನು ಬಾಯಿಪಾಠ ಮಾಡಲಿ, ತಪ್ಪಿಲ್ಲ. ಆ ಇಸವಿಗಳ ಹಿಂದಿನ ಅಡುಗೆಮನೆಯ ಪ್ರಶ್ನೆಯನ್ನು ಹಿರಿಯರು ತಮ್ಮ ಮನೆಯಲ್ಲಿ ಕೇಳಿಕೊಳ್ಳಲಿ. ನಮ್ಮ ಗೋಡೆಯ ಇಟ್ಟಿಗೆಯನ್ನು ಸುಟ್ಟವನಿಗೆ ಆ ಗೂಡನ್ನು ಬಿಟ್ಟುಹೋಗುವ ಸ್ವಾತಂತ್ರ್ಯವಿತ್ತೇ? ನಮ್ಮ ಮನೆಯ ಪಾತ್ರೆ ತೊಳೆಯುವ ಕೈಗಳು ಪುಸ್ತಕ ಹಿಡಿಯಬೇಕಾದ ಎಳೆಯ ಕೈಗಳಲ್ಲವೇ? ಹೊಲದಾಳಿಗೆ ಕೊಟ್ಟ ಮುಂಗಡವು ನೆರವೋ, ಹಗ್ಗವೋ? ಇವಕ್ಕೆ ಉತ್ತರ ಹುಡುಕಿ, ತಪ್ಪು ಕಂಡಲ್ಲಿ ತಿದ್ದಿಕೊಳ್ಳುವ ಮನೆಯು ಒಂದಾದರೂ ಇದ್ದರೆ, ಚರಿತ್ರೆಯು ಅಷ್ಟರಮಟ್ಟಿಗೆ ತಿರುಗಿದಂತೆಯೇ ಸರಿ.