ಉಂಡ ಮನೆ ಯಾರದು?

‘ಉಂಡ ಮನೆಗೆ ಎರಡು ಬಗೆಯಬೇಡ’ ಎಂಬ ಗಾದೆಯನ್ನು ನಾವು ಯಾವಾಗಲೂ ಉಣ್ಣುವವನಿಗೆ ಹೇಳುತ್ತೇವೆ. ಅನ್ನ ಹಾಕಿದವನಿಗೆ ನಿಷ್ಠನಾಗಿರಬೇಕು, ಸರಿ. ಆ ಅನ್ನ ಯಾರ ಹೊಲದ್ದು? ಹೈದರಾಬಾದಿನ ಚರಿತ್ರೆ ಓದುವಾಗ ಈ ಪ್ರಶ್ನೆಯನ್ನು ದಾಟಿ ಹೋಗಲು ನನ್ನಿಂದಾಗದು.

1705ರಲ್ಲಿ, ಎಂಬತ್ತು ದಾಟಿದ ಔರಂಗಜೇಬ ತಾನೇ ಬಂದು ಬೇಡ ನಾಯಕರ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಸುರಪುರದ ಪಕ್ಕದ ಕೋಟೆ ಅದು. ಅಲ್ಲಿ ಕಾದಾಡಿ ಮೆಚ್ಚುಗೆ ಗಳಿಸಿದ ಸರದಾರರಲ್ಲಿ ಚಿನ್ ಕಿಲಿಚ್ ಖಾನ್ ಒಬ್ಬ. ಅವನ ಮನಸಬು ಐದು ಸಾವಿರಕ್ಕೆ ಏರಿತು. ಮುಂದೆ ಹೈದರಾಬಾದಿನ ಅಸಫ್ ಜಾಹಿ ವಂಶ ಕಟ್ಟಿದವನು ಇವನೇ. ಮನಸಬು ಬರೀ ಬಿರುದಲ್ಲ. ದರ್ಜೆಗೆ ಇಷ್ಟು ಸಂಬಳ ಎಂದು ಲೆಕ್ಕವಿತ್ತು. ಅಷ್ಟು ಹುಟ್ಟುವಳಿಯ ಹಳ್ಳಿಗಳ ಕಂದಾಯವನ್ನು ಜಾಗೀರಾಗಿ ಬರೆದುಕೊಡುತ್ತಿದ್ದರು. ನೆಲ ಅವನದಲ್ಲ, ವಸೂಲಿ ಅವನದು. ಮೊಗಲರು ಜಾಗೀರುಗಳನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸುತ್ತಿದ್ದರು. ನಿಜಾಮರ ಕಾಲಕ್ಕೆ ಅವು ಬಹುಮಟ್ಟಿಗೆ ಅಪ್ಪನಿಂದ ಮಗನಿಗೆ ಇಳಿಯತೊಡಗಿದವು.

ಒಂದೂವರೆ ಶತಮಾನದ ಮೇಲೆ ಅದೇ ಸೀಮೆ ಅದೇ ವಂಶಕ್ಕೆ ಇನಾಮಾಗಿ ಬಂತು. 1857ರ ಜುಲೈನಲ್ಲಿ ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್ ಜನ ಕಟ್ಟಿಕೊಂಡು ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ಬಿದ್ದಾಗ ದಿವಾನ ಸಾಲಾರ್ ಜಂಗ್ ಬ್ರಿಟಿಷರ ಪರ ನಿಂತ. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕ ಬಂಡೆದ್ದು, ಸೋತು, ಹೈದರಾಬಾದಿಗೆ ಬಂದು ಸಿಕ್ಕಿಬಿದ್ದ. ದಿವಾನ ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದ. ಸೆರೆಮನೆಗೆ ಸಾಗಿಸುವ ದಾರಿಯಲ್ಲಿ ರಾಜ ಗುಂಡೇಟಿನಿಂದ ಸತ್ತ. 1860ರ ಒಪ್ಪಂದದಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮ ಅಫ್ಜಲುದ್ದೌಲನಿಗೆ ಕೊಟ್ಟರು. 1853ರಲ್ಲಿ ತೆಗೆದುಕೊಂಡಿದ್ದ ರಾಯಚೂರು ಸೀಮೆಯನ್ನೂ ಧಾರಾಶಿವವನ್ನೂ ಹಿಂದಿರುಗಿಸಿ, ಸುಮಾರು 50 ಲಕ್ಷ ರೂಪಾಯಿ ಸಾಲ ಮನ್ನಾ ಮಾಡಿದರು.

ನಿಜಾಮ ಗಾದೆಯಂತೆ ನಡೆದುಕೊಂಡ ಎನ್ನುವವರಿದ್ದಾರೆ. ಬಡಿಸಿದ್ದು ಕಲ್ಕತ್ತ, ಉಂಡದ್ದು ಹೈದರಾಬಾದು. ಬೆಳೆದದ್ದು ಮಾತ್ರ ಕೃಷ್ಣೆ-ಭೀಮೆಯರ ನಡುವಿನ ರೈತ. ಈ ಋಣದ ಲೆಕ್ಕದಲ್ಲಿ ಅವನ ಹೆಸರೇ ಇಲ್ಲ. ಅಷ್ಟಕ್ಕೂ ವೆಂಕಟಪ್ಪ ನಾಯಕನೇನು ಎರಡು ಬಗೆದವನೇ? ಅವನು ಉಂಡ ಮನೆ ಸುರಪುರ. ಆ ಮನೆಗೆ ಅವನು ಪ್ರಾಣವನ್ನೇ ಕೊಟ್ಟ.

ಕೊಪ್ಪಳದ ಕಥೆ ಇನ್ನೂ ನೋಯಿಸುತ್ತದೆ. 1858ರಲ್ಲಿ ಮುಂಡರಗಿ ಭೀಮರಾಯ ಹೋರಾಡಿ ಮಡಿದದ್ದು ಕೊಪ್ಪಳದ ಕೋಟೆಯಲ್ಲಿ. ಆ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ಬ್ರಿಟಿಷರ ವಿರುದ್ಧ ಪ್ರಾಣಬಿಟ್ಟವನ ನೆಲದ ಕಂದಾಯ, ಬ್ರಿಟಿಷರ ಪರ ನಿಂತವನ ಬೊಕ್ಕಸಕ್ಕೆ ಹೋಗುತ್ತಿತ್ತು. 1949ರ ಆಗಸ್ಟ್‌ನಲ್ಲಿ ಜಾಗೀರುಗಳು ರದ್ದಾಗುವವರೆಗೂ ಸಂಸ್ಥಾನದ ಸುಮಾರು ಮೂರನೇ ಒಂದು ಭಾಗ ಇಂಥವರ ಕೈಯಲ್ಲಿತ್ತು. ರದ್ದಾದಾಗ ಜಾಗೀರುದಾರರಿಗೆ ಪರಿಹಾರ ಸಿಕ್ಕಿತು. ತಲೆಮಾರುಗಳ ಕಾಲ ಕಂದಾಯ ಕಟ್ಟಿದವನಿಗೆ ಪರಿಹಾರ ಕೊಡಬೇಕೆಂಬ ಮಾತೇ ಬರಲಿಲ್ಲ.

ಇಂದು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ, 1876ರಲ್ಲಿ ರೋಮಿನಿಂದ ಕೊಂಡುತಂದ ಮುಸುಕಿನ ರೆಬೆಕಾಳ ಮುಂದೆ ಜನ ಬೆರಗಾಗಿ ನಿಲ್ಲುತ್ತಾರೆ. ಅಮೃತಶಿಲೆಯಲ್ಲಿ ತೆಳುಬಟ್ಟೆ ಕಡೆದ ಶಿಲ್ಪಿ ಬೆಂಜೋನಿಯ ಹೆಸರು ಎಲ್ಲರಿಗೂ ಗೊತ್ತು. ಆ ಮನೆತನದ ಸಿರಿಗೆ ಕಂದಾಯ ಕಟ್ಟಿದ ಊರುಗಳ ಹೆಸರನ್ನೂ ಅಲ್ಲೊಂದು ಫಲಕದಲ್ಲಿ ಬರೆಯಿಸಬೇಕು, ಕೊಪ್ಪಳದಿಂದ ಮೊದಲುಗೊಂಡು.